ಅನುಭಾವದ ಮಾತುಗಳು ಮತ್ತು ಅವುಗಳ ಬೆಲೆ

(ಉತ್ಸವದ ಅಂಗವಾಗಿ ಜರುಗಿದ ಧಾರ್ಮಿಕ ಸಭೆಯಲ್ಲಿ ಮಾಡಿದ ಉಪನ್ಯಾಸದ ಲಿಖಿತ ರೂಪ)



ಈ ಸೀಮೆಯ ಭಜನೆಗಳಲ್ಲಿ ಒಂದು ವಿಶೇಷವಿದೆ. ಸಂಜೆ ದಾಸರ ಪದದಿಂದ ಆರಂಭವಾದದ್ದು ನಡುರಾತ್ರಿಗೆ ಶರಣರ ವಚನಕ್ಕೆ ಬರುತ್ತದೆ. ಆಮೇಲೆ ತೆಲುಗು ಕೀರ್ತನೆ, ತತ್ವಪದ. ಬೆಳಗಿನ ಜಾವಕ್ಕೆ ಯಾರೋ ಹಿರಿಯರು ಪೀರಲ ಹಬ್ಬದ ಪದವನ್ನೂ ಎತ್ತಿಕೊಳ್ಳುತ್ತಾರೆ. ಹೀಗೆ ಒಂದೇ ರಾತ್ರಿಯಲ್ಲಿ ಬಿಂಬ, ಅಪರೋಕ್ಷ, ಬಯಲು, ಐಕ್ಯ, ಕುಂಡಲಿನಿ, ಮುರ್ಶಿದ್, ಫನಾ ಎಂಬ ಮಾತುಗಳೆಲ್ಲ ಕಿವಿಯ ಮೇಲೆ ಬೀಳುತ್ತವೆ. ಇವು ಸಾಲದು ಎಂಬಂತೆ ಈಚೆಗೆ ಮೆಡಿಟೇಶನ್, ಔರಾ, ಎನರ್ಜಿ, ಕಾಸ್ಮಿಕ್ ಎಂಬ ಮಾತುಗಳೂ ಬಂದು ಸೇರಿಕೊಂಡಿವೆ.

ಶಾಲೆ ಕಾಲೇಜಿಗೆ ಹೋಗುವ ಮಕ್ಕಳು ಕೇಳುತ್ತಾರೆ: ಇವೆಲ್ಲ ಒಂದೇ ಅರ್ಥದ ಮಾತುಗಳೇ? ಹಿರಿಯರಲ್ಲಿ ಇದಕ್ಕೆ ಎರಡು ಸಿದ್ಧ ಉತ್ತರಗಳಿವೆ. ಎಲ್ಲಾ ಒಂದೇ ಕಣಪ್ಪಾ, ಹೆಸರು ಬೇರೆ ಅಷ್ಟೇ ಎಂಬುದು ಒಂದು. ನಮ್ಮವರು ಹೇಳಿದ್ದೇ ಖರೆ, ಉಳಿದವರದು ಬರೀ ಮಾತು ಎಂಬುದು ಇನ್ನೊಂದು. ಎರಡೂ ಉತ್ತರಗಳಲ್ಲಿ ಒಂದು ಅನುಕೂಲವಿದೆ. ಆ ಮಾತುಗಳನ್ನು ಬಿಡಿಸಿ ನೋಡುವ ಶ್ರಮ ತಪ್ಪುತ್ತದೆ!

ಹಳಬರಿಗೆ ನೆನಪಿರಬಹುದಾದ ಒಂದು ಸಂಗತಿಯನ್ನು ಇಲ್ಲಿ ಹೇಳಬೇಕು. ನಿಜಾಮರ ಕಾಲದಲ್ಲಿ ಈ ಭಾಗದ ಪೇಟೆಗಳಲ್ಲಿ ಎರಡು ರೂಪಾಯಿ ನಡೆಯುತ್ತಿದ್ದವು. ಒಂದು ಹೈದರಾಬಾದ್ ಸಂಸ್ಥಾನದ ಹಾಲಿ ಸಿಕ್ಕಾ, ಇನ್ನೊಂದು ಬ್ರಿಟಿಷರ ಕಲ್ದಾರ್. ಎರಡಕ್ಕೂ ಹೆಸರು ರೂಪಾಯಿಯೇ, ಎರಡೂ ಬೆಳ್ಳಿಯ ನಾಣ್ಯವೇ. ಆದರೆ ಲೆಕ್ಕ ಹಾಕುವಾಗ ಏಳು ಹಾಲಿ ರೂಪಾಯಿಗೆ ಆರು ಕಲ್ದಾರ್ ಎಂಬುದು ದರ. ಎರಡೂ ಒಂದೇ ಎಂದು ತಿಳಿದು ಕೊಟ್ಟವನು ವ್ಯಾಪಾರದಲ್ಲಿ ಮುಳುಗುತ್ತಿದ್ದ. ಹಾಲಿ ಸಿಕ್ಕಾ ದುಡ್ಡೇ ಅಲ್ಲ ಎಂದು ತಿರಸ್ಕರಿಸಿದವನ ಅಂಗಡಿಗೆ ಗಿರಾಕಿಗಳೇ ಬರುತ್ತಿರಲಿಲ್ಲ. ದರ ತಿಳಿದು ಕೊಟ್ಟು ತೆಗೆದುಕೊಳ್ಳುವವನೇ ಸಾಹುಕಾರ. 1950ರ ದಶಕದಲ್ಲಿ ಹಾಲಿ ಸಿಕ್ಕಾ ಹೋಯಿತು, ಆ ಲೆಕ್ಕವೂ ಹೋಯಿತು. ಅನುಭಾವದ ಮಾತುಗಳ ವಿಷಯದಲ್ಲಿ ಮಾತ್ರ ಆ ಲೆಕ್ಕ ಇವತ್ತಿಗೂ ಬೇಕು.

ಇಂಥ ಲೆಕ್ಕಕ್ಕೆ ಈ ಗಡಿನಾಡಿಗಿಂತ ಒಳ್ಳೆಯ ಪೇಟೆ ಬೇರೆ ಇಲ್ಲ. 1956ರ ತನಕ ಪಕ್ಕದ ಕೊಡಂಗಲ್ಲು ಗುಲ್ಬರ್ಗಾ ಜಿಲ್ಲೆಯಲ್ಲಿತ್ತು. ಗದ್ವಾಲ, ಆಲಂಪುರಗಳು ರಾಯಚೂರು ಜಿಲ್ಲೆಯಲ್ಲಿದ್ದವು. ಆಮೇಲೆ ಆಂಧ್ರಪ್ರದೇಶವಾಯಿತು, 2014ರಲ್ಲಿ ತೆಲಂಗಾಣವಾಯಿತು, 2019ರಲ್ಲಿ ನಾರಾಯಣಪೇಟೆ ಜಿಲ್ಲೆಯೇ ಆಯಿತು. ಸರಕಾರದ ಕಾಗದಗಳ ಭಾಷೆ ಬದಲಾದರೂ ಮನೆಯ ದೇವರ ಕೋಣೆಯ ಭಾಷೆ ಬದಲಾಗಲಿಲ್ಲ. ಕೃಷ್ಣಾ ನದಿಯ ನಡುಗಡ್ಡೆಯ ಕುರುವಪುರದಲ್ಲಿ ಶ್ರೀಪಾದ ಶ್ರೀವಲ್ಲಭರ ಸನ್ನಿಧಿ, ಹೊಳೆಗುಂಟ ಮೇಲೆ ಹೋದರೆ ತಿಂಥಣಿ ಮೌನೇಶ್ವರರ ಗದ್ದುಗೆ, ಗುಲ್ಬರ್ಗದಲ್ಲಿ ಬಂದೇನವಾಜರ ದರ್ಗಾ, ತುಂಗಭದ್ರೆಯ ದಂಡೆಯಲ್ಲಿ ಮಂತ್ರಾಲಯ. ಒಂದು ದಿನದ ಪ್ರಯಾಣದೊಳಗೆ ಇಷ್ಟು ಬಗೆಯ ಸಾಧನೆಯ ಭಾಷೆಗಳಿವೆ.

ಮೊದಲು ಪಶ್ಚಿಮದವರ ಒಂದೆರಡು ಮಾತುಗಳನ್ನು ನೋಡೋಣ. ಇಂಗ್ಲಿಷಿನಲ್ಲಿ ಮಿಸ್ಟಿಕ್ ಎಂಬ ಮಾತಿದೆ. ಇದರ ಬೇರು ಗ್ರೀಕ್ ಭಾಷೆಯಲ್ಲಿ, ಮುಚ್ಚಿಕೊಳ್ಳುವುದು ಎಂಬ ಅರ್ಥದ ಕ್ರಿಯಾಪದದಲ್ಲಿದೆ. ಕಣ್ಣು ಮುಚ್ಚುವುದು, ಬಾಯಿ ಮುಚ್ಚುವುದು. ಎಸೊಟೆರಿಕ್ ಎಂದರೆ ಒಳಗಿನದು, ಒಳಗಿನವರಿಗೆ ಮಾತ್ರ ಹೇಳುವಂಥದು. ಉಪನಿಷತ್ತು ಎಂಬ ಮಾತಿನಲ್ಲಿ ಗುರುವಿನ ಹತ್ತಿರ ಕೂಡುವುದು ಎಂಬ ಅರ್ಥವಿದೆ. ಅಲ್ಲಿ ಬಾಗಿಲು ಮುಚ್ಚುವ ಮಾತು, ಇಲ್ಲಿ ಹತ್ತಿರ ಕರೆಯುವ ಮಾತು ಎಂದು ಹೆಮ್ಮೆಪಡಲು ಆತುರ ಬೇಡ. ರಹಸ್ಯ, ಗುಹ್ಯ ಎಂಬ ಮಾತುಗಳು ಇಲ್ಲಿಯೂ ಉಂಟು. ಕನ್ನಡದವರು ಮಾತ್ರ ಇವೆಲ್ಲಕ್ಕೂ ಅನುಭಾವ ಎಂಬ ಚೆಂದದ ಮಾತನ್ನು ಕೊಟ್ಟರು. ಅನುಭವ ಎಲ್ಲರಿಗೂ ಆಗುತ್ತದೆ, ಬಿಸಿಲಿನ ಅನುಭವ, ಸಾಲದ ಅನುಭವ. ಅದಕ್ಕೆ ಒಂದು ದೀರ್ಘ ಕೊಟ್ಟು ಅನುಭಾವ ಎಂದಾಗ ಅದು ದೇವರ ಕಡೆಗೆ ತಿರುಗಿತು.

ಕೆಲವು ಮಾತುಗಳಂತೂ ನಿಜವಾಗಿಯೂ ದಾಯಾದಿಗಳು. ಗ್ರೀಕರ ಗ್ನೋಸಿಸ್ ಮತ್ತು ಸಂಸ್ಕೃತದ ಜ್ಞಾನ ಒಂದೇ ಬೇರಿನಿಂದ ಬಂದವು. ಯೋಗ ಎಂಬ ಮಾತೂ ಎತ್ತಿನ ಹೆಗಲಿಗಿಡುವ ನೊಗಕ್ಕೆ ಇಂಗ್ಲಿಷರು ಹೇಳುವ ಯೋಕ್ ಎಂಬ ಮಾತೂ ಒಂದೇ ಮೂಲದವು. ಧ್ಯಾನ ಎಂಬುದು ಬೌದ್ಧ ಭಿಕ್ಷುಗಳ ಜೊತೆ ಚೀನಾಕ್ಕೆ ಹೋಗಿ ಚಾನ್ ಆಯಿತು, ಅಲ್ಲಿಂದ ಜಪಾನಿಗೆ ಹೋಗಿ ಝೆನ್ ಆಯಿತು. ಆದರೆ ದಾಯಾದಿಗಳೆಂದ ಮಾತ್ರಕ್ಕೆ ಮನೆ ಒಂದೇ ಆಗುವುದಿಲ್ಲವಷ್ಟೆ.

ಈಗ ಮೆಡಿಟೇಶನ್ ಎಂಬ ಮಾತನ್ನು ತೆಗೆದುಕೊಳ್ಳಿ. ಧ್ಯಾನಕ್ಕೆ ಇಂಗ್ಲಿಷಿನಲ್ಲಿ ಮೆಡಿಟೇಶನ್ ಎಂದು ಎಲ್ಲರೂ ಹೇಳುತ್ತಾರೆ, ಬೋರ್ಡುಗಳಲ್ಲಿಯೂ ಬರೆಯುತ್ತಾರೆ. ಯುರೋಪಿನ ಹಳೆಯ ಮಠಗಳಲ್ಲಿ ಅದರ ಅರ್ಥ ಬೇರೆಯಾಗಿತ್ತು. ಬಸವಣ್ಣನವರ ಶತಮಾನದಲ್ಲಿಯೇ, ಅಂದರೆ ಹನ್ನೆರಡನೆಯ ಶತಮಾನದಲ್ಲಿ, ಫ್ರಾನ್ಸ್ ದೇಶದಲ್ಲಿ ಗೀಗೊ ಎಂಬ ಸನ್ಯಾಸಿ ಇದ್ದರು. ಸಾಧಕನ ಏಣಿಗೆ ನಾಲ್ಕು ಮೆಟ್ಟಿಲು ಎಂದು ಅವರು ಬರೆದರು. ಧರ್ಮಗ್ರಂಥವನ್ನು ಓದುವುದು ಮೊದಲನೆಯದು. ಓದಿದ್ದನ್ನು ಮನಸ್ಸಿನಲ್ಲಿ ಮೆಲುಕು ಹಾಕುವುದು ಎರಡನೆಯದು, ಇದಕ್ಕೇ ಅವರಲ್ಲಿ ಮೆಡಿಟೇಶನ್ ಎಂಬ ಹೆಸರು. ಪ್ರಾರ್ಥನೆ ಮೂರನೆಯದು. ಮಾತು ನಿಂತು ದೇವರ ಸನ್ನಿಧಿಯಲ್ಲಿ ಸುಮ್ಮನಿರುವುದು ನಾಲ್ಕನೆಯದು, ಅದಕ್ಕೆ ಕಂಟೆಂಪ್ಲೇಶನ್ ಎಂದರು. ಶ್ರವಣ, ಮನನ, ನಿದಿಧ್ಯಾಸನ ಎಂಬ ಕ್ರಮವನ್ನು ಬಲ್ಲವರಿಗೆ ಇದು ಕೂಡಲೇ ಹೊಳೆಯುತ್ತದೆ. ಅಂದರೆ ಅವರ ಮೆಡಿಟೇಶನ್ ಹೆಚ್ಚಾಗಿ ಇಲ್ಲಿಯ ಮನನಕ್ಕೆ ಸರಿ. ಧ್ಯಾನಕ್ಕೆ ಹತ್ತಿರವಾದದ್ದು ಅವರ ನಾಲ್ಕನೆಯ ಮೆಟ್ಟಿಲು. ತಪ್ಪು ದರದಲ್ಲಿ ವ್ಯವಹಾರ ನಡೆದುಬಿಟ್ಟಿದೆ!

ಈಗ ಬಯಲು. ಇದು ಈ ಭಾಷೆಯ ದೊಡ್ಡ ಮಾತು. ಊರ ಹೊರಗಿನ ತೆರೆದ ಜಾಗಕ್ಕೆ ಒಕ್ಕಲಿಗರು ಹೇಳುವ ಮಾತನ್ನೇ ಅಲ್ಲಮಪ್ರಭುಗಳು ಪರಮತತ್ವಕ್ಕೆ ಇಟ್ಟರು. ತೆಲುಗಿನಲ್ಲಿಯೂ ಬಯಲು ಉಂಟು, ತೆಲಂಗಾಣದ ಅಚಲ ಪಂಥದವರು ಬಟ್ಟಬಯಲು ಎಂದು ತತ್ವ ಹೇಳುತ್ತಾರೆ. ಇಂಗ್ಲಿಷಿನಲ್ಲಿ ಇದನ್ನು ಏನೂ ಇಲ್ಲದ್ದು, ಬರಿದು ಎಂಬ ಅರ್ಥದ ಮಾತಿನಿಂದ ಅನುವಾದಿಸುವ ರೂಢಿ ಬಿದ್ದಿದೆ. ಬಯಲು ಬರಿದಲ್ಲ ಎಂಬುದು ಹಳ್ಳಿಯ ಮಗುವಿಗೂ ಗೊತ್ತು. ದನ ಮೇಯುವುದು, ಮಕ್ಕಳು ಆಡುವುದು, ಬಯಲಾಟ ಕುಣಿಯುವುದು ಎಲ್ಲ ಅಲ್ಲಿಯೇ. ಅಲ್ಲಿ ಇಲ್ಲದಿರುವುದು ಗೋಡೆ ಮಾತ್ರ.

ಇದರ ಜೊತೆಗೇ ಶೂನ್ಯ ಎಂಬ ಮಾತು ಬರುತ್ತದೆ. ಹದಿನೈದನೆಯ ಶತಮಾನದಲ್ಲಿ ಪ್ರಭುದೇವರ ಚರಿತ್ರೆ ಮತ್ತು ಶರಣರ ಸಂವಾದಗಳನ್ನು ಕೂಡಿಸಿ ಶೂನ್ಯಸಂಪಾದನೆ ಎಂಬ ಗ್ರಂಥ ಮಾಡಿದರು. ಅಂಗಡಿ ಇಟ್ಟವನಿಗೆ ಈ ಹೆಸರು ಕೇಳಿದರೆ ಎದೆ ಧಸಕ್ಕೆನ್ನುತ್ತದೆ. ವರ್ಷವಿಡೀ ದುಡಿದು ಸೊನ್ನೆ ಸಂಪಾದಿಸುವುದೆಂದರೆ ದಿವಾಳಿಯೇ ಸರಿ! ಶರಣರ ಲೆಕ್ಕದಲ್ಲಿ ಮಾತ್ರ ಅದು ಪೂರ್ಣವಾದ ಗಳಿಕೆ. ನಾನು, ನನ್ನದು ಎಂಬ ಬಾಕಿ ಪೂರ್ತಿ ತೀರಿ ಖಾತೆ ಚುಕ್ತಾ ಆಗುವುದು. ಇದೇ ಕೃಷ್ಣಾ ನದಿಯ ಗುಂಟ ಕೆಳಗೆ ಹೋದರೆ ನಾಗಾರ್ಜುನನ ಹೆಸರು ಹೊತ್ತ ನಾಗಾರ್ಜುನಕೊಂಡ ಸಿಗುತ್ತದೆ. ಬೌದ್ಧ ಆಚಾರ್ಯನಾದ ನಾಗಾರ್ಜುನನೂ ಶೂನ್ಯವನ್ನು ಬೋಧಿಸಿದ. ಅವನು ಹೇಳಿದ್ದು, ಯಾವ ವಸ್ತುವೂ ತನ್ನಷ್ಟಕ್ಕೆ ತಾನೇ ನಿಂತಿಲ್ಲ, ಒಂದಕ್ಕೊಂದು ಆತುಕೊಂಡು ಇವೆ, ಸ್ವಂತದ್ದೆಂಬ ಸ್ವಭಾವ ಯಾವುದಕ್ಕೂ ಇಲ್ಲ ಎಂದು. ಅಲ್ಲಿ ಶೂನ್ಯವೆಂದು ಕರೆದು ಪೂಜಿಸುವ ಒಂದು ತತ್ವವಿಲ್ಲ. ಶರಣರಿಗೆ ಶೂನ್ಯವೇ ಲಿಂಗ. ಒಂದೇ ನದಿ, ಒಂದೇ ಮಾತು, ಎರಡು ಅರ್ಥ.

ಜರ್ಮನಿಯ ಎಕ್‌ಹಾರ್ಟ್ ಎಂಬ ಧರ್ಮೋಪದೇಶಕರು ಬಯಲಿನ ಸಮೀಪಕ್ಕೆ ಬಂದವರು. ಅವರ ಕಾಲ ಸುಮಾರು 1260ರಿಂದ 1328. ಜನರು ಪ್ರಾರ್ಥಿಸುವ ದೇವರು ಬೇರೆ, ಆ ದೇವರಿಗೂ ಆಚೆ ಹೆಸರು ರೂಪ ಇಲ್ಲದ ದೈವತ್ವ ಬೇರೆ ಎಂದು ಹೇಳಿ ಅದನ್ನು ನಿಶ್ಶಬ್ದವಾದ ಮರುಭೂಮಿಗೆ ಹೋಲಿಸಿದರು. ಪಂಡಿತರ ಲ್ಯಾಟಿನ್ ಒಂದನ್ನೇ ನೆಚ್ಚದೆ ಜನರ ಜರ್ಮನ್ ಭಾಷೆಯಲ್ಲಿಯೂ ಉಪದೇಶಿಸಿದರು. 1329ರಲ್ಲಿ ಪೋಪರು ಅವರ 28 ಮಾತುಗಳನ್ನು ದೋಷವುಳ್ಳವೆಂದು ಸಾರಿದರು. ಓದುಬರಹ ಬಾರದ ಜನರ ಮುಂದೆ ಇಂಥದನ್ನೆಲ್ಲ ಹೇಳಿದರೆಂಬುದೂ ಆಕ್ಷೇಪಣೆಯಲ್ಲಿ ಸೇರಿತ್ತು. ಅಷ್ಟರಲ್ಲಿ ಅವರು ತೀರಿಹೋಗಿದ್ದರು. ಜನರ ಮಾತಿನಲ್ಲಿ ದೊಡ್ಡ ವಿಷಯ ಹೇಳಿದವರಿಗೆ ಕಲ್ಯಾಣದಲ್ಲಿ ಏನಾಯಿತೆಂಬುದು ಎಲ್ಲರಿಗೂ ತಿಳಿದದ್ದೇ. ಆದರೂ ಎಕ್‌ಹಾರ್ಟರ ಮರುಭೂಮಿ ಮತ್ತು ಅಲ್ಲಮರ ಬಯಲು ಪೂರ್ತಿ ಒಂದಲ್ಲ. ಮರುಭೂಮಿಗೆ ಹೋಗಬೇಕಾದರೆ ಊರು ಬಿಟ್ಟು ಬಹಳ ದೂರ ಹೋಗಬೇಕು. ಬಯಲು ಅಗಸಿ ಬಾಗಿಲು ದಾಟಿದರೆ ಸಿಗುತ್ತದೆ.

ಇನ್ನು ಐಕ್ಯ. ಭಕ್ತ, ಮಹೇಶ, ಪ್ರಸಾದಿ, ಪ್ರಾಣಲಿಂಗಿ, ಶರಣ, ಐಕ್ಯ ಎಂಬುದು ಷಟ್‌ಸ್ಥಲದ ಕ್ರಮ. ಕೊನೆಯದು ಐಕ್ಯ, ಅಂಗ ಲಿಂಗಗಳ ಸಾಮರಸ್ಯ. ಇದೇ ರೀತಿ ಸ್ಪೇನ್ ದೇಶದ ತೆರೇಸಾ ಎಂಬ ಸಾಧ್ವಿ 1577ರಲ್ಲಿ ಬರೆದ ಗ್ರಂಥದಲ್ಲಿ ಜೀವವನ್ನು ಒಂದು ಕೋಟೆಗೆ ಹೋಲಿಸಿ, ಅದರಲ್ಲಿ ಏಳು ಮಜಲಿನ ಮನೆಗಳನ್ನು ಹೇಳಿ, ಏಳನೆಯದರಲ್ಲಿ ದೇವರೊಡನೆ ಮದುವೆ ಎಂದರು. ಶರಣಸತಿ ಲಿಂಗಪತಿ ಎಂಬ ಭಾವ ಬಲ್ಲವರಿಗೆ ಇದು ಅಪರಿಚಿತವಲ್ಲ. ಆದರೆ ಮದುವೆಯಲ್ಲಿ ಇಬ್ಬರು ಇಬ್ಬರಾಗಿಯೇ ಇರುತ್ತಾರೆ. ಐಕ್ಯದಲ್ಲಿ ಹಾಗಿಲ್ಲ.

ದಾಸರ ಮಾರ್ಗದಲ್ಲಿ ಲೆಕ್ಕವೇ ಬೇರೆ. ಗದ್ವಾಲ ಸೀಮೆಯ ಉತ್ತನೂರಿನಲ್ಲಿದ್ದ ಗೋಪಾಲದಾಸರು, ಚೀಕಲಪರ್ವಿಯ ವಿಜಯದಾಸರು, ಮಾನವಿಯ ಜಗನ್ನಾಥದಾಸರು, ಇವರೆಲ್ಲ ಮಧ್ವಮತದವರು. ಇವರಿಗೆ ಜೀವನು ಎಂದೆಂದಿಗೂ ಜೀವನೇ, ಹರಿ ಹರಿಯೇ. ಹೃದಯದೊಳಗಿರುವ ಹರಿ ಬಿಂಬ, ಜೀವನು ಪ್ರತಿಬಿಂಬ. ಆ ಬಿಂಬವನ್ನು ಕಣ್ಣಾರೆ ಕಂಡಂತೆ ಕಾಣುವುದು ಅಪರೋಕ್ಷ. ಕಂಡ ಮೇಲೆಯೂ ಕೈಮುಗಿದು ನಿಂತ ದಾಸ ದಾಸನೇ. ಜಗನ್ನಾಥದಾಸರ ಹರಿಕಥಾಮೃತಸಾರ ಭಾಮಿನಿ ಷಟ್ಪದಿಯಲ್ಲಿ ಇದನ್ನೇ ಸಂಧಿ ಸಂಧಿಯಾಗಿ ಬಿಡಿಸುತ್ತದೆ. ಗೋಪಾಲದಾಸರು ತಮ್ಮ ಆಯುಷ್ಯದಲ್ಲಿ ನಲವತ್ತು ವರ್ಷವನ್ನು ಜಗನ್ನಾಥದಾಸರಿಗೆ ಧಾರೆ ಎರೆದರೆಂಬ ಐತಿಹ್ಯ ಈ ಭಾಗದ ಮನೆಮನೆಯಲ್ಲಿದೆ. ಇಂಥ ಮಾರ್ಗದ ಅಪರೋಕ್ಷವನ್ನು ದೇವರಲ್ಲಿ ಒಂದಾಗುವುದು ಎಂದು ಯಾರಾದರೂ ಅರ್ಥ ಹೇಳಿದರೆ ಅದು ದಾಸರಿಗೆ ಮಾಡುವ ಉಪಕಾರವಲ್ಲ. ಒಂದಾಗುವುದನ್ನು ಅವರು ಬೇಡಲಿಲ್ಲ, ನೋಡುವುದನ್ನು ಬೇಡಿದರು.

ಹಾಗಾದರೆ ಫನಾ ಎಂದರೇನು? ಅಳಿಯುವುದು ಎಂದು ಅರ್ಥ. ಅಳಿಯುವುದು ಮನುಷ್ಯನಲ್ಲ, ಅವನ ನಫ್ಸ್, ಅಂದರೆ ನಾನೆಂಬ ಹುರುಡು. ಅದರ ಮುಂದೆ ಬಕಾ ಎಂಬ ಇನ್ನೊಂದು ಮಾತನ್ನು ಸೂಫಿಗಳು ತಪ್ಪದೆ ಸೇರಿಸುತ್ತಾರೆ, ಉಳಿಯುವುದು ಎಂದು ಅದರ ಅರ್ಥ. ಅಳಿದ ಮೇಲೆ ದೇವರಲ್ಲಿ ಉಳಿದು, ಮತ್ತೆ ಮನೆಗೆ ಪೇಟೆಗೆ ಬಂದು ನಾಲ್ಕು ಜನರ ಕೆಲಸಕ್ಕೆ ಆಗುವುದು. ಬರೀ ಫನಾ ಎಂಬುದನ್ನು ಹಿಡಿದುಕೊಂಡು ಐಕ್ಯಕ್ಕೆ ಸರಿ ಎಂದರೆ ಅರ್ಧ ಮಾತನ್ನು ಬಿಟ್ಟಂತಾಗುತ್ತದೆ. ಸೂಫಿಗಳಲ್ಲಿಯೂ ಒಂದೇ ಅಭಿಪ್ರಾಯವಿರಲಿಲ್ಲ. ಇರುವುದೆಲ್ಲ ಒಂದೇ ಎಂಬ ಇಬ್ನ್ ಅರಬಿ ಅವರ ವಾದವನ್ನು 1422ರಲ್ಲಿ ಗುಲ್ಬರ್ಗದಲ್ಲಿ ತೀರಿಕೊಂಡ ಖಾಜಾ ಬಂದೇನವಾಜರು ಒಪ್ಪಲಿಲ್ಲ, ಟೀಕಿಸಿದರು. ದ್ವೈತ ಅದ್ವೈತಗಳ ಜಗ್ಗಾಟ ಕೇಳಿದವರಿಗೆ ಇದು ಹೊಸದೆನಿಸುವುದಿಲ್ಲ.

ಇಷ್ಟೆಲ್ಲ ವ್ಯತ್ಯಾಸ ಹೇಳಿದ ಮೇಲೆ ಮಾತುಗಳನ್ನು ಬೇಲಿ ಹಾಕಿ ಇಡಬೇಕೇ ಎಂದು ಕೇಳಬಹುದು. ಹಾಗಲ್ಲ. ಈ ನಾಡಿನಲ್ಲಿ ಮಾತುಗಳನ್ನು ಅದಲು ಬದಲು ಮಾಡಿದ ಮಹನೀಯರು ಇದ್ದಾರೆ. ತಿಂಥಣಿಯ ಮೌನೇಶ್ವರರನ್ನು ಹಿಂದೂಗಳೂ ಮುಸಲ್ಮಾನರೂ ನಡೆದುಕೊಳ್ಳುತ್ತಾರೆ. ಶಿಶುನಾಳ ಶರೀಫ ಸಾಹೇಬರು 1819ರಲ್ಲಿ ಹುಟ್ಟಿ 1889ರಲ್ಲಿ ತೀರಿಕೊಂಡವರು. ಕಳಸದ ಗೋವಿಂದಭಟ್ಟರೆಂಬ ಬ್ರಾಹ್ಮಣ ಗುರುವಿನ ಶಿಷ್ಯರಾಗಿ ದರ್ಗಾದ ಮಾತನ್ನೂ ಮಠದ ಮಾತನ್ನೂ ಒಂದೇ ಪದದಲ್ಲಿ ಹೆಣೆದರು. ಜಮಖಂಡಿಯಲ್ಲಿ 1886ರಲ್ಲಿ ಹುಟ್ಟಿದ ಗುರುದೇವ ರಾನಡೆಯವರು ಅಲಹಾಬಾದಿನಲ್ಲಿ ತತ್ವಶಾಸ್ತ್ರದ ಪ್ರಾಧ್ಯಾಪಕರಾಗಿ, ಪಶ್ಚಿಮದ ಅನುಭಾವಿಗಳನ್ನು ಮೂಲದಿಂದ ಓದಿ, ಕನ್ನಡದ ದಾಸರು ಶರಣರ ಮಾತುಗಳ ಪಕ್ಕದಲ್ಲಿಟ್ಟು ಇಂಗ್ಲಿಷಿನಲ್ಲಿ ಗ್ರಂಥ ಬರೆದರು. ಅವರು ಉಮದಿಯ ಭಾವೂಸಾಹೇಬ ಮಹಾರಾಜರಿಂದ ನಾಮ ಪಡೆದವರು. ವಿಜಾಪುರ ಜಿಲ್ಲೆಯ ನಿಂಬಾಳದಲ್ಲಿ ನೇಮ ಮಾಡುತ್ತಲೇ 1957ರಲ್ಲಿ ದೇಹ ಬಿಟ್ಟರು. ಇವರೆಲ್ಲ ಎರಡು ದಡ ನೋಡಿದವರು, ಅವರಿಗೆ ದರ ಗೊತ್ತಿತ್ತು. ಒಂದು ದಡವನ್ನೂ ನೋಡದವರು ಮಾತು ಬದಲಾಯಿಸಲು ಹೊರಟಾಗಲೇ ತೊಂದರೆ.

ಆ ತೊಂದರೆ ಈಗ ಬಾಗಿಲಿಗೆ ಬಂದಿದೆ. ದೇವರ ಫೋಟೋ ಮಾರುವಲ್ಲಿ ಚಕ್ರಗಳ ಪಟವನ್ನು ತಾವೆಲ್ಲ ನೋಡಿರಬಹುದು. ಪದ್ಮಾಸನದಲ್ಲಿ ಕುಳಿತ ಒಂದು ಆಕೃತಿ, ಬೆನ್ನುಮೂಳೆಯ ಗುಂಟ ಕೆಂಪು, ಕೇಸರಿ, ಹಳದಿ, ಹಸಿರು, ನೀಲಿ ಎಂದು ಕಾಮನಬಿಲ್ಲಿನ ಏಳು ಬಣ್ಣ. ಇದು ಋಷಿಗಳ ಕಾಲದ್ದೆಂದು ಮಾರುವವರೂ ಹೇಳುತ್ತಾರೆ, ಕೊಳ್ಳುವವರೂ ನಂಬುತ್ತಾರೆ. ಹದಿನಾರನೆಯ ಶತಮಾನದ ಷಟ್‌ಚಕ್ರನಿರೂಪಣ ಎಂಬ ಸಂಸ್ಕೃತ ಗ್ರಂಥವನ್ನು ಕಲ್ಕತ್ತೆಯ ಹೈಕೋರ್ಟಿನ ನ್ಯಾಯಾಧೀಶರಾಗಿದ್ದ ವುಡ್ರಾಫ್ ಎಂಬುವರು 1919ರಲ್ಲಿ ಇಂಗ್ಲಿಷಿಗೆ ತಂದರು. ಅದರಲ್ಲಿ ಮಣಿಪೂರದ ದಳಗಳಿಗೆ ಮಳೆಮೋಡದ ಬಣ್ಣ, ಅನಾಹತಕ್ಕೆ ಬಂಧೂಕ ಹೂವಿನ ಕೆಂಪು, ವಿಶುದ್ಧಕ್ಕೆ ಹೊಗೆ ಬೆರೆತ ಬಣ್ಣ, ಆಜ್ಞೆಗೆ ಬೆಳದಿಂಗಳ ಬಿಳುಪು. ದಳಗಳು ನಾಲ್ಕು, ಆರು, ಹತ್ತು, ಹನ್ನೆರಡು, ಹದಿನಾರು, ಎರಡು. ಕೂಡಿಸಿದರೆ ಐವತ್ತು, ಒಂದೊಂದು ದಳಕ್ಕೆ ಒಂದೊಂದು ಅಕ್ಷರ. ವೀರಶೈವರು ಇದೇ ಆರು ಸ್ಥಾನಗಳಲ್ಲಿ ಆಚಾರಲಿಂಗದಿಂದ ಮಹಾಲಿಂಗದ ತನಕ ಆರು ಲಿಂಗಗಳನ್ನು ಹೇಳುತ್ತಾರೆ. ಕಾಮನಬಿಲ್ಲು ಎಲ್ಲಿಯೂ ಇಲ್ಲ. 1875ರಲ್ಲಿ ನ್ಯೂಯಾರ್ಕಿನಲ್ಲಿ ಹುಟ್ಟಿ 1882ರಲ್ಲಿ ಮದ್ರಾಸಿನ ಅಡ್ಯಾರಿಗೆ ಬಂದ ಥಿಯಾಸಫಿಕಲ್ ಸೊಸೈಟಿಯವರು ಇಂಥ ಮಾತುಗಳನ್ನು ಪಶ್ಚಿಮಕ್ಕೆ ಒಯ್ದರು. ಅವರಲ್ಲಿ ಲೆಡ್‌ಬೀಟರ್ ಎಂಬುವರು 1927ರಲ್ಲಿ ಚಕ್ರಗಳ ಮೇಲೆ ಪುಸ್ತಕ ಬರೆದು ತಮ್ಮ ದಿವ್ಯದೃಷ್ಟಿಗೆ ಕಂಡದ್ದೆಂದು ಬೇರೆ ಬಣ್ಣ ಕೊಟ್ಟರು, ಸ್ವಾಧಿಷ್ಠಾನದ ಬದಲು ಗುಲ್ಮದ ಹತ್ತಿರ ಒಂದು ಚಕ್ರ ಇಟ್ಟರು. ಕಾಮನಬಿಲ್ಲಿನ ಕ್ರಮ ಪಶ್ಚಿಮದಲ್ಲಿ ರೂಢಿಗೆ ಬಂದದ್ದು 1970ರ ದಶಕದಿಂದೀಚೆಗೆ. ಸರಕು ಇಲ್ಲಿಂದ ಹೋಗಿ, ಅಲ್ಲಿ ಹೊಸ ಬಣ್ಣ ಹಚ್ಚಿಸಿಕೊಂಡು, ದುಬಾರಿಯಾಗಿ ತಿರುಗಿ ಬಂದಿದೆ.

ಔರಾ ಎಂಬುದೂ ಹಾಗೆಯೇ. ಮೂಲದಲ್ಲಿ ಅದಕ್ಕೆ ತಂಗಾಳಿ ಎಂದರ್ಥ. ಈಗ ಅದನ್ನು ದೇವರ ಹಿಂದಿನ ಪ್ರಭಾವಳಿಗೆ ಹೋಲಿಸಿ, ಮನುಷ್ಯರಿಗೂ ಒಂದೊಂದು ಪ್ರಭಾವಳಿ ಇದೆ, ಅದು ಕೆಟ್ಟಿದೆ, ಇಷ್ಟು ಹಣಕ್ಕೆ ಸರಿ ಮಾಡುತ್ತೇವೆ ಎನ್ನುವವರಿದ್ದಾರೆ. ಪಟ ತೂಗು ಹಾಕುವುದರಲ್ಲಿ ದೋಷವಿಲ್ಲ, ಚೆಂದವಿದ್ದರೆ ಹಾಕಲಿ. ಎದೆನೋವು ಎಂದು ಬಂದವರಿಗೆ ನಿಮ್ಮ ಅನಾಹತ ಚಕ್ರ ಮುಚ್ಚಿಕೊಂಡಿದೆ ಎಂದು ಹೇಳಿ ಕೂಡಿಸಿಕೊಂಡರೆ ಮಾತ್ರ ಅದು ಜೀವದ ಪ್ರಶ್ನೆ. ಅಂಥವರು ಆ ಗಳಿಗೆಯಲ್ಲಿಯೇ ದವಾಖಾನೆಗೆ ಹೋಗಬೇಕು. ಅನಾಹತ ಎಂದರೆ ಬಡಿಯದೆ ಹೊಮ್ಮುವ ನಾದ. ಅದನ್ನು ಕೇಳಿಸಿಕೊಳ್ಳಲು ಸಾಧಕರು ವರ್ಷಗಟ್ಟಲೆ ಕುಳಿತರು, ರಸೀದಿ ಹರಿಸಲಿಲ್ಲ.

ಹಾಗೆಂದು ಪರರ ಮಾತನ್ನು ಕಂಡರೆ ಹೆದರಬೇಕಾಗಿಲ್ಲ. ಪ್ರಸಾದ ಎಂಬ ಮಾತನ್ನೇ ನೋಡಿ. ಅದರ ಮೂಲಾರ್ಥ ತಿಳಿಯಾಗುವುದು, ಪ್ರಸನ್ನತೆ. ಕನ್ನಡದ ಕಥೋಲಿಕ ಕ್ರೈಸ್ತರು ತಮ್ಮ ದೇವಾಲಯದಲ್ಲಿ ಸ್ವೀಕರಿಸುವ ರೊಟ್ಟಿಗೆ ಪರಮ ಪ್ರಸಾದ ಎಂದೇ ಕರೆಯುತ್ತಾರೆ. ದರ್ಗಾಕ್ಕೆ ಸಕ್ಕರೆ ಓದಿಸಲು ಹೋಗುವ ತಾಯಂದಿರು ತಿರುಗಿ ಬಂದು ಮಕ್ಕಳಿಗೆ ಕೊಡುವಾಗಲೂ ಪ್ರಸಾದ ಎಂದೇ ಕೊಡುತ್ತಾರೆ. ಈ ಒಂದು ಮಾತಿನ ದರ ಪೇಟೆಯಲ್ಲಿ ಎಲ್ಲರಿಗೂ ಸರಿಹೊಂದಿದೆ, ಯಾರ ತಕರಾರೂ ಇಲ್ಲ.

ಉಳಿದ ಮಾತುಗಳ ಗತಿ ಮಾತ್ರ ಯೋಚಿಸಬೇಕಾದದ್ದು. ತೆಲುಗು ಮತ್ತು ಇಂಗ್ಲಿಷ್ ಮೀಡಿಯಮ್ಮಿನಲ್ಲಿ ಓದಿದ ಹುಡುಗರು ಕನ್ನಡದ ಪದಗಳನ್ನು ತೆಲುಗು ಲಿಪಿಯಲ್ಲಿ ಬರೆದುಕೊಂಡು ಭಕ್ತಿಯಿಂದ ಹಾಡುತ್ತಾರೆ, ರಾಗ ತಪ್ಪುವುದಿಲ್ಲ. ಕುರುಹು ಎಂದರೇನು, ಅರಿವು ಎಂದರೇನು ಎಂದು ಕೇಳಿದರೆ ಒಬ್ಬರ ಮುಖ ಒಬ್ಬರು ನೋಡುತ್ತಾರೆ. ಅದು ಅವರ ತಪ್ಪಲ್ಲ, ಯಾರೂ ಹೇಳಿಕೊಟ್ಟಿಲ್ಲ. ಹೇಳಬಲ್ಲ ಹಿರಿಯರು ಒಬ್ಬೊಬ್ಬರಾಗಿ ಕಡಿಮೆಯಾಗುತ್ತಿದ್ದಾರೆ. ಆದಕಾರಣ ಮನೆಯಲ್ಲಿ ಅಟ್ಟದ ಮೇಲೆ, ಟ್ರಂಕಿನಲ್ಲಿ ಹಳೆಯ ಭಜನೆಯ ವಹಿಗಳನ್ನು ಇಟ್ಟುಕೊಂಡಿರುವ ಭಕ್ತರು ಅವನ್ನು ದೇವಸ್ಥಾನಕ್ಕೆ ತಂದು ತೋರಿಸಬೇಕೆಂದು ವಿನಂತಿ. ವಹಿ ಯಾರದೋ ಅವರಿಗೇ ತಿರುಗಿ ಮುಟ್ಟುತ್ತದೆ. ಹಿರಿಯರ ಪಕ್ಕದಲ್ಲಿ ಒಬ್ಬೊಬ್ಬ ಹುಡುಗನನ್ನು ಕೂಡಿಸಿ, ಪದದಲ್ಲಿ ಬರುವ ಒಂದೊಂದು ಮಾತಿಗೂ ಅದು ಯಾವ ಮಾರ್ಗದ್ದು, ಆ ಮಾರ್ಗದವರು ಅದಕ್ಕೆ ಏನು ಅರ್ಥ ಹೇಳುತ್ತಾರೆ ಎಂಬುದನ್ನು ಕನ್ನಡದಲ್ಲಿಯೂ ತೆಲುಗಿನಲ್ಲಿಯೂ ಬರೆಸಬಹುದು. ದಾಸರ ಮಾತಿಗೆ ದಾಸರ ಪದ ಹಾಡುವವರನ್ನೂ, ಶರಣರ ಮಾತಿಗೆ ಮಠದವರನ್ನೂ, ಪೀರಲ ಪದಕ್ಕೆ ಮೊಹರಮ್ಮಿನಲ್ಲಿ ಹಾಡುವ ಸಾಹೇಬರನ್ನೂ ಕೇಳಬೇಕು. ಇದಕ್ಕೆ ಎರಡು ನೂರು ಪುಟದ ಒಂದು ನೋಟುಬುಕ್ಕು ಸಾಕು. ಕಾರ್ತಿಕ ಮಾಸದ ಭಜನೆಗೆ ಮೊದಲೇ ಆರಂಭಿಸಿದರೆ ಬರುವ ಉತ್ಸವದ ಹೊತ್ತಿಗೆ ಬಯಲು, ಬಿಂಬ, ಐಕ್ಯ, ಅಪರೋಕ್ಷ, ಫನಾ ಎಂಬ ಐದು ಮಾತುಗಳಾದರೂ ಆಗುತ್ತವೆ.